ರಾಚವ್ವನ ಮನೆಯ ವಾರ

ಬಡ ಮಕ್ಕಳ ಓದಿಗೆ ನೆರವು ಕೊಡಬೇಕೆಂದು ಮಾಟುಂಗಾದ ಕನ್ನಡ ವಿದ್ಯಾಪೋಷಕ ಮಂಡಳಿ ನಿರ್ಧರಿಸಿದಾಗ ಅದರ ಬಳಿ ಬೇಕಾದದ್ದೆಲ್ಲ ಇತ್ತು. ಅಧ್ಯಕ್ಷರಿದ್ದರು. ಕಾರ್ಯದರ್ಶಿಗಳಿದ್ದರು. ಕೈಬಿಚ್ಚಿ ಕೊಡುವ ಹೋಟೆಲ್ ಧಣಿಗಳಿದ್ದರು. ಬಾಡಿಗೆಯ ಹಾಲ್ ಇತ್ತು, ಪ್ರಾರ್ಥನೆ ಹಾಡುವ ಹೆಣ್ಣುಮಕ್ಕಳಿದ್ದರು. ಒಬ್ಬ ಹರಿಜನ ಮಾತ್ರ ಇರಲಿಲ್ಲ.

ಅದು ಸಾವಿರದ ಒಂಬೈನೂರ ಐವತ್ತೇಳು. ಅಸ್ಪೃಶ್ಯತೆ ಅಪರಾಧವೆಂದು ಕಾನೂನಾಗಿ ಎರಡು ವರ್ಷವಾಗಿತ್ತು. ಮಂಡಳಿಗೆ ಸ್ವಂತ ಕಟ್ಟಡ ಕಟ್ಟಲು ಸರಕಾರದಿಂದ ಜಾಗ ಬೇಕಿತ್ತು. ನೀವು ನೆರವು ಕೊಡುವ ಮಕ್ಕಳಲ್ಲಿ ಹರಿಜನರೆಷ್ಟು ಎಂದು ಸರಕಾರ ಕೇಳಿತು. ಹಿರಿಯರು ಮುಖ ಮುಖ ನೋಡಿಕೊಂಡರು. ಮುಂಬಯಿಯಲ್ಲಿ ಸಿಗದ ವಸ್ತು ಯಾವುದಿದೆ, ಹುಡುಕಿದರೆ ಇದೂ ಸಿಕ್ಕೀತು ಎಂದು ಕಾರ್ಯದರ್ಶಿ ಬಸವಂತಪ್ಪನವರು ಹೊರಟರು.

ಬಸವಂತಪ್ಪನವರು ಧಾರವಾಡದ ಕಡೆಯವರು. ವಿಮಾ ಕಂಪನಿಯಲ್ಲಿ ಗುಮಾಸ್ತರು. ಖಾದಿ ಬಿಟ್ಟು ಬೇರೆ ತೊಟ್ಟವರಲ್ಲ. ಜಾತಿ ತೊಲಗಬೇಕೆಂದು ಭಾಷಣ ಮಾಡುವಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು. ಅವರು ವಡಾಲದಲ್ಲಿ ಬಂದರಿನ ಜಾಗದ ಅಂಚಿಗಿದ್ದ ಝೋಪಡಿಗಳ ಗಲ್ಲಿಗೆ ಹೋಗಿ, ಮೂಗಿಗೆ ಕರವಸ್ತ್ರ ಹಿಡಿದು ನಿಂತು, ರಾಚವ್ವನ ಮಗಳು ಚಂದ್ರವ್ವನನ್ನು, ಎಲ್ಲರ ಬಾಯಲ್ಲಿ ಚಂದ್ರಿಯಾಗಿದ್ದವಳನ್ನು, ಕಂಡುಹಿಡಿದರು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಹುಡುಗಿ ಏಳನೆಯ ಇಯತ್ತೆಯನ್ನು ಎಲ್ಲರಿಗಿಂತ ಮೊದಲಾಗಿ ಪಾಸು ಮಾಡಿದ್ದಳು. ಅಲ್ಲಿಯತನಕ ಶಾಲೆ ಪುಕ್ಕಟೆ. ಮುಂದಿನ ಹೈಸ್ಕೂಲಿಗೆ ಫೀ ಕೊಡಬೇಕಿತ್ತು.

ಹರಿಜನರ ಮಕ್ಕಳಿಗೆ ಸರಕಾರದ ಮಾಫಿ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ರಾಚವ್ವ ಆ ಕಚೇರಿಗೂ ಹೋಗಿದ್ದಳು. ನಿನ್ನ ಊರು ಯಾವುದು ಎಂದು ಅಲ್ಲಿಯ ಗುಮಾಸ್ತ ಕೇಳಿದ. ವಿಜಾಪುರದ ಕಡೆ ಎಂದಳು. ಹಾಗಾದರೆ ನಿನ್ನ ಜಿಲ್ಲೆ ಹೋದ ವರ್ಷ ಮೈಸೂರು ರಾಜ್ಯಕ್ಕೆ ಸೇರಿಹೋಯಿತು, ನಿಮ್ಮ ಸರಕಾರವನ್ನೇ ಕೇಳು ಎಂದ. ಅವಳು ಊರಿಗೆ ಹೋದವರ ಕೈಯಲ್ಲಿ ಅಲ್ಲಿಯೂ ಕೇಳಿಸಿದಳು. ಮುಂಬಯಿಯಲ್ಲಿ ದುಡಿಯುವವಳಿಗೆ ಮುಂಬಯಿಯವರೇ ಕೊಡಬೇಕು ಎಂದರು. ಕನ್ನಡನಾಡು ಒಂದಾಯಿತೆಂದು ಮಾಟುಂಗಾದಲ್ಲಿ ಪೇಢೆ ಹಂಚಿದ್ದರು. ರಾಚವ್ವನಿಗೆ ಅದರಿಂದ ಸಿಕ್ಕಿದ್ದು ಇಷ್ಟು.

ಅವಳ ಗಂಡ ಬಂದರಿನಲ್ಲಿ ರೈಲು ವ್ಯಾಗನ್ನಿನ ಅಡಿಗೆ ಸಿಕ್ಕಿ ಸತ್ತಿದ್ದ. ಅದೇ ಜಾಗದಲ್ಲಿ ಅವಳು ಕಲ್ಲಿದ್ದಲು ಇಳಿಸುತ್ತಿದ್ದಳು. ತಲೆಯ ಮೇಲೆ ಸಿಂಬಿ. ಸಿಂಬಿಯ ಮೇಲೆ ಬುಟ್ಟಿ. ಹಲಗೆ ಇಳಿದು ರಾಶಿಗೆ ಸುರಿಯಬೇಕು, ಮತ್ತೆ ಹಲಗೆ ಏರಬೇಕು. ಸಂಜೆ ಉಗುಳಿದರೆ ಕಪ್ಪು. ಕೆಮ್ಮಿದರೆ ಕಪ್ಪು. ಕುತ್ತಿಗೆ ತಿರುಗಿಸಲು ಮೈಯನ್ನೇ ತಿರುಗಿಸಬೇಕು. ನೆತ್ತಿಯ ಕೂದಲು ಉದುರಿ ಬೋಳಾಗಿತ್ತು. ಸೆರಗು ಹೊದ್ದು ಮುಚ್ಚಿಕೊಳ್ಳುತ್ತಿದ್ದಳು. ಮಗಳ ತಲೆಗೆ ಎಣ್ಣೆ ಹಚ್ಚುವಾಗ ನೆತ್ತಿಯ ಮೇಲೆ ಎರಡು ಸಲ ಕೈಯಾಡಿಸುತ್ತಿದ್ದಳು. ಅಲ್ಲಿ ಬುಟ್ಟಿ ಕೂರಬಾರದು. ಅವಳಿಗಿದ್ದ ಆಸೆ ಇದೊಂದೇ.

ಜೂನ್ ತಿಂಗಳಲ್ಲಿ ಮಂಡಳಿಯವರು ತಾಯಿ ಮಗಳನ್ನು ಸಭೆಗೆ ಕರೆಸಿದರು. ಇಬ್ಬರೂ ಚಪ್ಪಲಿ ಬಿಡುವ ಜಾಗದ ಹತ್ತಿರ ನಿಂತರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಹೊರಗೆ ಹೋಗಿ ಎಂದೂ ಯಾರೂ ಹೇಳಲಿಲ್ಲ. ಅಷ್ಟರ ಮಟ್ಟಿಗೆ ಕಾನೂನು ಬದಲಾಗಿತ್ತು. ರಾಚವ್ವ ಫೀ ಕೇಳಿದಳು. ಬೇರೇನೂ ಬೇಡ, ಪುಸ್ತಕ ಹಳೆಯವು ಸಿಗುತ್ತವೆ, ಫೀ ಒಂದು ಕಟ್ಟಿದರೆ ಸಾಕು ಎಂದಳು.

ಅಧ್ಯಕ್ಷ ರಮಾನಾಥ ರಾಯರು ನಕ್ಕರು. ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಬಂದು ಮೂರು ಹೋಟೆಲು ಮಾಡಿದವರು. ಸಣ್ಣವರಿದ್ದಾಗ ವಾರಾನ್ನ ಉಂಡು ಓದಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರವಿಡೀ ಬ್ರಾಹ್ಮಣರ ಮನೆಗಳ ಪಂಕ್ತಿಯಲ್ಲಿ ಕೂತು ಉಂಡ ಹುಡುಗ ಅವರು. ಆ ಏಳು ಮನೆಯ ಹುಳಿಯ ರುಚಿ ಇನ್ನೂ ನಾಲಗೆಯ ಮೇಲಿತ್ತು.

"ದುಡ್ಡು ಕೊಟ್ಟರೆ ಮಕ್ಕಳು ಹಾಳಾಗ್ತಾರೆ ಮಾರಾಯ್ರೆ," ಎಂದರು ರಾಯರು. "ನಾವೆಲ್ಲ ವಾರಾನ್ನ ಉಂಡೇ ಮನುಷ್ಯರಾದದ್ದು. ಈ ಹುಡುಗಿಗೂ ಅದೇ ಮಾಡುವ. ಹೊಟ್ಟೆ ಖರ್ಚು ಉಳೀತದೆ, ಅದರಲ್ಲಿ ಅವಳಮ್ಮ ಫೀ ಕಟ್ಟಲಿ. ಎರಡನೇ ಟರ್ಮಿನದ್ದು ಬೇಕಾದರೆ ಮತ್ತೆ ನೋಡುವ."

ಸಭೆ ಚಪ್ಪಾಳೆ ತಟ್ಟಿತು. ಏಳು ಜನ ಅಲ್ಲೇ ಎದ್ದು ಒಂದೊಂದು ವಾರ ಹಿಡಿದರು. ಸೋಮವಾರ ರಾಯರದು, ಮಂಗಳವಾರ ಬಸವಂತಪ್ಪನವರದು. ದೂರದ ಭಾಂಡುಪ್‌ನವರು ಶನಿವಾರ ತೆಗೆದುಕೊಂಡರು, ಗೋರೆಗಾಂವ್‌ನವರು ಭಾನುವಾರ. ಹೊಲತಿಯ ಮಗಳೊಬ್ಬಳು ವಾರಾನ್ನಕ್ಕೆ ಮನೆಗೆ ಬಂದರೆ ಅವಳನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆ ಆ ಗಂಡಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊಟ ಬಡಿಸುವವರು ಅವರಲ್ಲವಲ್ಲ.

ಹೊಳೆದದ್ದು ಹೆಂಗಸರಿಗೆ. ರಾಯರ ಹೆಂಡತಿ ವಿನೋದಿನಿಯಮ್ಮ ಮೊದಲ ಸೋಮವಾರವೇ ಅದನ್ನು ಬಗೆಹರಿಸಿದರು. ಆ ಕಾಲದ ಮಾಟುಂಗಾದ ಬಿಲ್ಡಿಂಗುಗಳಿಗೆ ಹಿಂದುಗಡೆ ಕಬ್ಬಿಣದ ಸುತ್ತು ಮೆಟ್ಟಿಲಿರುತ್ತಿತ್ತು. ಸಂಡಾಸು ತೊಳೆಯುವವರು ಮನೆಯೊಳಗೆ ಕಾಲಿಡದೆ ಸಂಡಾಸಿಗೇ ಬಂದು ಹೋಗಲು ಮಾಡಿದ್ದು ಅದು. ಚಂದ್ರಿ ಅದರಲ್ಲಿ ಹತ್ತಿ ಬರಬೇಕು. ಸಂಡಾಸಿನ ಹೊರಗೆ ಒಬ್ಬರು ಕೂರುವಷ್ಟು ಜಾಗವಿತ್ತು. ಮನೆಯವರ ಊಟವಾದ ಮೇಲೆ ಅಲ್ಲಿ ತಟ್ಟೆ ಇಡುತ್ತಿದ್ದರು. ಅನ್ನ, ಹುಳಿ, ಮಜ್ಜಿಗೆ. ಊಟದಲ್ಲಿ ಮೋಸವಿರಲಿಲ್ಲ.

ಎರಡನೆಯ ವಾರ ಮನೆಯವರ ಊಟ ಇನ್ನೂ ಆಗಿರಲಿಲ್ಲ. ಸುಮ್ಮನೆ ಕೂತಿದ್ದೀಯಲ್ಲ, ಈ ಬಚ್ಚಲ ಮೊರಿ ಸ್ವಲ್ಪ ಉಜ್ಜು ಎಂದರು ವಿನೋದಿನಿಯಮ್ಮ. ಮೂರನೆಯ ವಾರ ಸಂಡಾಸು ತೊಳೆಯುವವಳು ಬಂದಿರಲಿಲ್ಲ. ನಾಲ್ಕನೆಯ ವಾರದಿಂದ ಅವಳನ್ನು ಬರಬೇಡವೆಂದೇ ಹೇಳಿದರು. ಈ ಉಪಾಯ ಹೆಂಗಸರ ಭಜನೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿತು. ಮಳೆಗಾಲ ಮುಗಿಯುವುದರೊಳಗೆ ಏಳೂ ಮನೆಗಳು ಹುಡುಗಿಗೆ ಧರ್ಮದ ಅನ್ನ ಹಾಕುತ್ತಿದ್ದವು, ಏಳೂ ಮನೆಗಳ ಸಂಡಾಸು ಧರ್ಮಕ್ಕೇ ತೊಳೆದಾಗುತ್ತಿತ್ತು. ಸಮಾಜಸೇವೆಯಿಂದ ಇಷ್ಟು ಲಾಭವಿದೆಯೆಂದು ಅಲ್ಲಿಯತನಕ ಯಾರಿಗೂ ಗೊತ್ತಿರಲಿಲ್ಲ.

ಚಂದ್ರಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ಶಾಲೆಗೆ ದಿನಾಲೂ ತಡವಾಗಿ ಹೋಗುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು, ಕೈಯ ಫಿನೈಲ್ ವಾಸನೆ ಪಕ್ಕದವರಿಗೆ ತಾಗಬಾರದೆಂದು. ಸಂಜೆ ತಾಯಿಗೆ ಇವತ್ತು ಪಾಯಸವಿತ್ತು, ಇವತ್ತು ಹಪ್ಪಳವಿತ್ತು ಎಂದು ಹೇಳುತ್ತಿದ್ದಳು. ರಾಚವ್ವ ಆ ಪಾಯಸ ಕೇಳಿಯೇ ಹೊಟ್ಟೆ ತುಂಬಿಸಿಕೊಂಡು, ಇನ್ನೊಂದು ಪಾಳಿ ಬುಟ್ಟಿ ಹೊತ್ತು ಮೊದಲ ಟರ್ಮಿನ ಫೀ ಕಟ್ಟಿದಳು. ಎರಡನೆಯದಕ್ಕೆ ಮೈಯಲ್ಲಿ ಏನೂ ಉಳಿದಿರಲಿಲ್ಲ.

ದೀಪಾವಳಿಯ ಮುಂಚೆ ಒಬ್ಬ ಗುಜರಾತಿ ಮುದುಕಿ ಗಲ್ಲಿಗೆ ಬಂದು ರಾಚವ್ವನ ಝೋಪಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಳು. ಮಾಟುಂಗಾದಲ್ಲಿ ನಾಲ್ಕು ಮನೆ ತೊಳೆಯುತ್ತಿದ್ದವಳು ಅವಳು. ನಿನ್ನ ಮಗಳು ಪುಕ್ಕಟೆ ದುಡಿದು ನನ್ನ ಹೊಟ್ಟೆಯ ಮೇಲೆ ಹೊಡೆದಳು ಎಂದು ಹರಕುಮುರುಕು ಹಿಂದಿಯಲ್ಲಿ ಅತ್ತಳು. ರಾಚವ್ವ ನಂಬಲಿಲ್ಲ. ಮಾರನೆಯ ದಿನ ಸೋಮವಾರ; ಬೆಳಿಗ್ಗೆ ಕೆಲಸಕ್ಕೆ ಹೋಗದೆ, ರಾಯರ ಬಿಲ್ಡಿಂಗಿನ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿದಳು.

ಮಗಳು ಮೊಣಕಾಲೂರಿ ಕೂತಿದ್ದಳು. ಶಾಲೆಯ ಲಂಗವನ್ನು ತೊಡೆಗೆ ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ಸಂಡಾಸು ಉಜ್ಜುವ ಕುಂಚ. ಕಿಟಕಿಯ ಕಟ್ಟೆಯ ಮೇಲೆ ತಟ್ಟೆ, ಅನ್ನದ ಮೇಲೆ ನೊಣ. ರಾಚವ್ವನಿಗೆ ಒಳಗೆ ನುಗ್ಗಿ ಆ ಕುಂಚದಿಂದಲೇ ಮನೆಯವರನ್ನು ಬಾರಿಸಬೇಕು ಅನ್ನಿಸಿತು. ಚಂದ್ರಿ ಎದ್ದು ಬಂದು ತಾಯಿಯ ಬಾಯಿಗೆ ಕೈ ಅಡ್ಡ ಹಿಡಿಯಲು ಹೋಗಿ, ತನ್ನ ಕೈ ನೋಡಿಕೊಂಡು ಹಿಂದಕ್ಕೆ ತೆಗೆದುಕೊಂಡಳು.

"ಒದರಬ್ಯಾಡವ್ವ," ಎಂದಳು. "ಎರಡನೇ ಟರ್ಮಿಂದು ಫೀ ಬರೋ ತಿಂಗಳ ಮಂಡಳಿ ಸಭಾ ಆದಮ್ಯಾಲ ಕೊಡ್ತೀವಂದಾರ. ಅಲ್ಲೀತನ ತಡಕೋ. ನಾ ಓದಬೇಕು."

ರಾಚವ್ವ ಮಗಳನ್ನು ಹೊಡೆಯಲಿಲ್ಲ, ಅಪ್ಪಿಕೊಳ್ಳಲಿಲ್ಲ. ಆ ತಟ್ಟೆಯನ್ನು ಎತ್ತಿ ಅನ್ನವನ್ನು ಕಾಗೆಗೆ ಹಾಕಿ, ಮಗಳ ಕೈ ಹಿಡಿದು ಮೆಟ್ಟಿಲಿಳಿದಳು. ಆವತ್ತಿನ ಮಧ್ಯಾಹ್ನವೇ ಬಸವಂತಪ್ಪನವರ ಆಫೀಸಿನ ಬಾಗಿಲಿಗೆ ಹೋಗಿ ಕೇಳಿದಳು. ಅವರ ಕಣ್ಣಲ್ಲಿ ನೀರು ಬಂತು. ಇದು ತಮಗೆ ಗೊತ್ತೇ ಇರಲಿಲ್ಲ ಎಂದರು. ಮಂಗಳವಾರದ ಸಂಡಾಸು ಅವರ ಮನೆಯದೇ. ಸಭೆಗೆ ಸರಕಾರದ ಶಿಕ್ಷಣ ಖಾತೆಯ ದೊಡ್ಡ ಸಾಹೇಬರು ಬರುತ್ತಾರೆ, ಜಾಗದ ಮಾತು ಅವರ ಕೈಯಲ್ಲಿದೆ, ಅದೊಂದು ಸುಸೂತ್ರವಾಗಲಿ, ಹುಡುಗಿ ಎರಡು ಉಪಕಾರದ ಮಾತಾಡಲಿ, ಫೀಯ ಜವಾಬ್ದಾರಿ ತಮ್ಮದು ಎಂದರು. ಆಡಬೇಕಾದ ಮಾತನ್ನು ತಾವೇ ಹೇಳಿಕೊಟ್ಟರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಎತ್ತಬೇಕು ಎಂಬುದನ್ನೂ ಸಂಜೆ ಹುಡುಗಿಯನ್ನು ಕರೆಸಿ ಕಲಿಸಿದರು. ರಾಚವ್ವ ಆಗಲಿ ಎಂದಳು.

ನವೆಂಬರಿನ ಮೊದಲ ಭಾನುವಾರ ಸಭೆಯಾಯಿತು. ನಾಡು ಒಂದಾದ ವರ್ಷದ ಹಬ್ಬವೂ ಅದೇ. ಸಾಹೇಬರು ಬೆಳಗಾವಿಯಲ್ಲಿ ಕೆಲಸ ಮಾಡಿದ್ದವರು, ಕನ್ನಡ ಬಲ್ಲವರು, ಗಾಂಧಿ ಟೋಪಿಯವರು. ಚಂದ್ರಿ ಎದ್ದುನಿಂತು ಒಂದಕ್ಷರ ತಪ್ಪದೆ ಹೇಳಿದಳು. ಏಳು ಮನೆಯ ತಾಯಂದಿರು ನನಗೆ ಅನ್ನವಿಟ್ಟರು, ನಾನು ಅವರ ಮಡಿಲ ಮಗಳು ಎಂದಳು. ವಿನೋದಿನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹೇಬರಿಗೂ ಎದೆ ತುಂಬಿಬಂತು. ಹುಡುಗಿಯ ತಾಯಿಯೂ ಬಂದಿದ್ದಾಳಂತಲ್ಲ, ಅವಳೂ ಎರಡು ಮಾತಾಡಲಿ ಎಂದರು. ಇದು ಕಾರ್ಯಕ್ರಮದಲ್ಲಿ ಇರಲಿಲ್ಲ. ಬಸವಂತಪ್ಪನವರು ಏಳುವುದರೊಳಗೆ ರಾಚವ್ವ ವೇದಿಕೆ ಹತ್ತಿಯಾಗಿತ್ತು.

ಅವಳು ಸಾಹೇಬರಿಗೆ ಕೈಮುಗಿದಳು. "ನನ್ನ ಮಗಳು ಏಳು ಮನ್ಯಾಗ ಉಂಡಾಳ್ರಿ. ಉಂಡು ಸುಮ್ನಿದ್ರ ಚಲೋ ಅಲ್ಲ. ರೊಕ್ಕ ನನ್ನಂತೇಕ ಇಲ್ಲ. ಅದಕ್ಕ ಈ ಏಳೂ ಮಂದಿ ಯಜಮಾನ್ರಿಗೆ ನಮ್ಮ ಮನ್ಯಾಗ ವಾರ ಹಚ್ಚೀನಿ. ನಾಳಿ ಸೋಮವಾರದಿಂದ ದಿನಕ್ಕೊಬ್ರು ಬಂದು ಉಂಡು ಹೋಗ್ರಿ. ಮುಂದಿನ ಬಾಗಿಲಿಂದ ಬರ್ರಿ, ನಮ್ಮ ಮನೀಗೆ ಹಿಂದಿನ ಬಾಗಿಲಿಲ್ಲ. ಅಂಜಬ್ಯಾಡ್ರಿ, ಉಂಡಮ್ಯಾಲ ಸಂಡಾಸ ತೊಳೀರಿ ಅಂತ ನಾ ಅನ್ನಂಗಿಲ್ಲ."

ಕೊನೆಯ ಮಾತಿನ ಅರ್ಥವೇನೆಂದು ಸಾಹೇಬರು ಕೇಳಿದರು. ಅದು ವಿಜಾಪುರದ ಕಡೆಯ ತಮಾಷೆ ಎಂದರು ಬಸವಂತಪ್ಪ. ಸಾಹೇಬರು ಮನಸಾರೆ ನಕ್ಕು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಸಭೆಯೆಲ್ಲ ತಟ್ಟಬೇಕಾಯಿತು. ಇದೇ ನಿಜವಾದ ಸಹಭೋಜನ, ಇಂಥದನ್ನು ನಾನು ಎಲ್ಲೂ ಕಂಡಿಲ್ಲ, ಮುಂದಿನ ತಿಂಗಳು ಬಂದಾಗ ಯಾರ್‍ಯಾರು ಉಂಡಿರಿ, ಏನೇನು ಉಂಡಿರಿ ಎಂದು ಕೇಳುತ್ತೇನೆ, ಜಾಗದ ಮಾತೂ ಆಗಲೇ ಆಡೋಣ ಎಂದು ಹೇಳಿ ಹಾರ ತೆಗೆದಿಟ್ಟು ಹೋದರು.

ಆ ಸಂಜೆ ಗಲ್ಲಿಯೆಲ್ಲ ಅಡಿಗೆಯ ಮಾತಾಯಿತು. ಪಕ್ಕದ ಮರಾಠಿ ಹೆಂಗಸರು ಹಿಂದಿನ ವರ್ಷ ಬೌದ್ಧರಾಗಿದ್ದವರು. ಒಬ್ಬಳು ಹಿತ್ತಾಳೆಯ ತಾಟು ಕೊಟ್ಟಳು, ಒಬ್ಬಳು ಅಕ್ಕಿ ಕೊಟ್ಟಳು. ವಾರ ಮುಗಿಯುವತನಕ ರಾಚವ್ವನ ಪಾಲಿನ ಬುಟ್ಟಿಗಳನ್ನು ತಾವೇ ಹಂಚಿಕೊಂಡು ಹೊರುತ್ತೇವೆ ಎಂದರು. ಸೋಮವಾರ ನಸುಕಿನಲ್ಲೆದ್ದು ರಾಚವ್ವ ಮಿಂದಳು. ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು, ಅನ್ನ ಬೇಳೆ ಮಾಡಿದಳು. ರಾಯರಿಗೆ ನೆಪ ಸಿಗಬಾರದೆಂದು ಉಳ್ಳಾಗಡ್ಡಿ ಬಳ್ಳೊಳ್ಳಿಯನ್ನೂ ಮುಟ್ಟಲಿಲ್ಲ. ಆಮೇಲೆ ಮಾಟುಂಗಾಕ್ಕೆ ನಡೆದು, ರಾಯರ ಬಿಲ್ಡಿಂಗಿನ ಮುಂದಿನ ಮೆಟ್ಟಿಲು ಹತ್ತಿ, ಬಾಗಿಲು ಬಡಿದಳು. ಅಡಿಗೆಯಾದ ಮೇಲೆ ಇನ್ನೊಮ್ಮೆ ಹೋಗಿ ಕರೆಯುವುದು ದೊಡ್ಡವರ ಮನೆಯ ಪದ್ಧತಿಯೆಂದು ಅವಳಿಗೆ ಗೊತ್ತಿತ್ತು. "ತಾಟು ಹಾಕೀನ್ರಿ, ಏಳ್ರಿ," ಎಂದು ಬಿಲ್ಡಿಂಗಿಗೆಲ್ಲ ಕೇಳುವಂತೆ ಕರೆದಳು.

ರಾಯರು ಸೋಮವಾರ ಉಪವಾಸ ಎಂದು ಒಳಗಿನಿಂದ ಹೇಳಿಸಿದರು. ಮಂಗಳವಾರ ಬಸವಂತಪ್ಪನವರಿಗೆ ಹೊಟ್ಟೆನೋವು. ಬುಧವಾರದವರಿಗೆ ಊರಿನಿಂದ ಸೂತಕ ಬಂತು. ಸತ್ತವರು ಯಾರೆಂದು ಅಕ್ಕಪಕ್ಕದವರು ಕೇಳಿದಾಗ ಗಂಡ ಒಬ್ಬರ ಹೆಸರು ಹೇಳಿದ, ಹೆಂಡತಿ ಇನ್ನೊಬ್ಬರ ಹೆಸರು ಹೇಳಿದಳು. ಬಿಲ್ಡಿಂಗಿನ ಜನ ಗ್ಯಾಲರಿಯಲ್ಲಿ ಬಂದು ನಿಲ್ಲತೊಡಗಿದರು. ಈ ಹೆಂಗಸು ಯಾಕೆ ಕರೆಯುತ್ತಾಳೆ, ನಿಮ್ಮ ಮನೆಗೂ ಅವಳಿಗೂ ಏನು ಸಂಬಂಧ ಎಂದು ಕೇಳತೊಡಗಿದರು. ಅತಿಥಿಗಳು ಬಾರದೆ ಉಳಿದ ಅಡಿಗೆಯನ್ನು ಗಲ್ಲಿ ಹಂಚಿಕೊಂಡು ಉಂಡಿತು. ಆ ವಾರ ವಡಾಲದ ಝೋಪಡಿಗಳು ಹಿಂದೆಂದೂ ಉಣ್ಣದಷ್ಟು ಉಂಡವು, ಮಾಟುಂಗಾದ ದೊಡ್ಡ ಮನೆಗಳು ಹಿಂದೆಂದೂ ಹಿಡಿಯದಷ್ಟು ವ್ರತ ಹಿಡಿದವು. ಬುಧವಾರ ಸಂಜೆ ಮಂಡಳಿಯ ತುರ್ತು ಸಭೆ ಸೇರಿತು.

ಗುರುವಾರ ಬೆಳಿಗ್ಗೆ ಗುರುವಾರದವರು ಬರಲಿಲ್ಲ. ಅವರ ಬದಲು ಬಸವಂತಪ್ಪನವರು ಆಫೀಸಿಗೆ ರಜೆ ಹಾಕಿ ಬಂದರು. ಝೋಪಡಿಯಿಂದ ನಾಲ್ಕು ಮಾರು ದೂರ ನಿಂತು, ಜೇಬಿನಿಂದ ಫೀಯ ರಸೀದಿ ತೆಗೆದರು. ವರ್ಷದ ಉಳಿದದ್ದೆಲ್ಲ ಕಟ್ಟಿಯಾಗಿತ್ತು. ಮೆಟ್ರಿಕ್ ಮುಗಿಯುವತನಕ ಮಂಡಳಿಯೇ ಕಟ್ಟುತ್ತದೆ, ವಾರಾನ್ನವೂ ಬೇಡ, ಇನ್ನು ಹುಡುಗಿ ಯಾರ ಮನೆಗೂ ಬರಬೇಕಾಗಿಲ್ಲ ಎಂದರು. ಜೂನ್ ತಿಂಗಳಲ್ಲಿ ರಾಚವ್ವ ಕೇಳಿದ್ದು ಇದನ್ನೇ.

"ಒಂದ ಮಾತು," ಎಂದರು ಬಸವಂತಪ್ಪ. "ನೀ ಇನ್ನ ಕರ್ಯಾಕ ಬರಬಾರದು. ಸಾಹೇಬ್ರು ಕೇಳಿದ್ರ ಎಲ್ಲಾರೂ ಬಂದು ಉಂಡು ಹೋದ್ರು ಅನ್ನಬೇಕು. ಮಾತು ಕೊಡು, ರಸೀದಿ ತಗೋ."

"ಒಳಗ ಬರ್ರಿ. ತಾಟು ಹಾಕೇತಿ," ಎಂದಳು ರಾಚವ್ವ.

"ನಂದು ಮಂಗಳವಾರ ಆಗಿ ಹೋತಲ್ಲ."

"ಮಂಗಳವಾರ ನಿಮಗ ಹೊಟ್ಟಿನೋವಿತ್ತು. ಇವತ್ತ ಆರಾಮ ಕಾಣಸ್ತೀರಿ."

ಬಸವಂತಪ್ಪನವರ ಕಣ್ಣಲ್ಲಿ ನೀರು ಬಂತು. ತನಗೆ ಜಾತಿಯಿಲ್ಲ, ಮನೆಯ ಹೆಂಗಸರಿಗೆ ತಿಳಿಯುವುದಿಲ್ಲ, ಏನು ಮಾಡಲಿ ಎಂದರು. ಮಾತು ಕೊಡದಿದ್ದರೆ ರಸೀದಿ ಹರಿಯಬೇಕಾಗುತ್ತದೆ, ಸಭೆ ಹಾಗೆ ಠರಾವು ಮಾಡಿದೆ ಎಂದೂ ಹೇಳಿದರು. ರಾಚವ್ವ ರಸೀದಿಯನ್ನು ನೋಡಿದಳು. ಆ ಕಾಗದಕ್ಕಾಗಿ ಅವಳ ನೆತ್ತಿ ಬೋಳಾಗಿತ್ತು. ಹೂಂ ಅಂದರೆ ಮಗಳು ಓದುತ್ತಾಳೆ. ಹೂಂ ಅನ್ನಲು ನಾಲಗೆ ಏಳಲಿಲ್ಲ.

ಆಗ ಚಂದ್ರಿ ಹೊರಗೆ ಬಂದಳು. ಶಾಲೆಗೆ ಹೊರಟವಳು, ಜಡೆ ಹಾಕಿಕೊಂಡಿದ್ದಳು.

"ಹರೀರಿ ಸರ್," ಎಂದಳು. "ನಾನೂ ಸಾಲಿ ಬಿಟ್ಟು ಅವ್ವನ ಜೋಡಿ ಕರ್ಯಾಕ ಬರ್ತೀನಿ. ಸಾಹೇಬ್ರು ಬಂದಾಗ ಯಾಕ ಬಿಟ್ಟೆ ಅಂತ ಕೇಳ್ತಾರ. ನಾ ಹೇಳ್ತೀನಿ. ಎಲ್ಲಿ ನಿಲ್ಲಸಬೇಕು, ಎಲ್ಲಿ ದನಿ ಎತ್ತಬೇಕು, ನೀವ ಕಲಿಸೀರಿ."

ಬಸವಂತಪ್ಪನವರು ಸಾಹೇಬರನ್ನು ನೆನೆದರು, ಕಟ್ಟಡದ ಜಾಗವನ್ನು ನೆನೆದರು. ರಸೀದಿಯನ್ನು ನೆಲದ ಮೇಲಿಡಲು ಬಗ್ಗಿದರು. ಚಂದ್ರಿ ಮುಂದೆ ಬಂದು ಎರಡೂ ಕೈ ಚಾಚಿದಳು. ಗಲ್ಲಿಯ ಹೆಂಗಸರೆಲ್ಲ ನೋಡುತ್ತಿದ್ದರು. ಬಸವಂತಪ್ಪನವರು ನೆಟ್ಟಗಾಗಿ ಕಾಗದವನ್ನು ಅವಳ ಕೈಗೆ ಕೊಟ್ಟರು. ಕೊಡುವಾಗ ಬೆರಳಿಗೆ ಬೆರಳು ತಾಗಿತು.

ಅವರು ಲಗುಬಗೆಯಿಂದ ತಿರುಗಿದರು. ಗಲ್ಲಿಯ ಬಾಯಲ್ಲಿ ಮುನಿಸಿಪಾಲಿಟಿಯ ನಲ್ಲಿ ಇತ್ತು. ಯೋಚನೆ ಮಾಡಿ ಮಾಡಿದ್ದಲ್ಲ, ಹುಟ್ಟಿದಾಗಿನಿಂದ ಬಂದ ಅಭ್ಯಾಸ. ತೋಳು ಮೇಲಕ್ಕೆ ಸರಿಸಿ, ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು, ಮೊಣಕೈಯತನಕ ತಿಕ್ಕಿ ತಿಕ್ಕಿ ತೊಳೆದುಕೊಂಡರು.

ರಾಚವ್ವನಿಗೆ ಈಗ ದನಿ ಬಂತು.

"ಎಲ್ಲಾರೂ ನೋಡ್ರಿ," ಎಂದಳು. "ಯಜಮಾನ್ರು ಊಟಕ್ಕ ಕೈ ತೊಳಕೊಂಡ್ರು."

ಒಳಗೆ ಹೋಗಿ ಮಣೆ ಹಾಕಿದಳು. ತಾಟಿನ ಸುತ್ತ ನೀರು ಚಿಮುಕಿಸಿದಳು. ಬಿಸಿ ರೊಟ್ಟಿ ಬಡಿಸಿ ಬಾಗಿಲಿಗೆ ಬಂದು, ಬರ್ರಿ, ಆರಿ ಹೋಗ್ತದ ಎಂದು ಕರೆದಳು. ಬಸವಂತಪ್ಪನವರು ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದರು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಗಲ್ಲಿಯ ಹೆಂಗಸರು ಬುಟ್ಟಿ ಇಳಿಸಿಕೊಂಡು ನಿಂತುಬಿಟ್ಟಿದ್ದರು. ರಾಚವ್ವನ ಝೋಪಡಿಯ ಕಡೆಗೆ ಮಾತ್ರ ದಾರಿ ಬಿಟ್ಟರು.